ಬೆಂಚಿಲ್ಲದ ಮನಿ

ಜ್ಯೋತಿಲಕ್ಷ್ಮಿ: ಹೋಗಬ್ಯಾಡ ಅಂದಿಲ್ಲ, ರೊಟ್ಟಿ ಬಡದು ಹೋಗು ಅಂದೀರಿ. ಎರಡೂ ಒಂದ ಅಲ್ಲೇನ್ರಿ? ನಾನು ರೊಟ್ಟಿ ಬಡಿಯೋತನಕ ಸಿರುಗುಪ್ಪದ ಬಸ್ಸು ನಿಂತಿರ್ತೈತೇನು?

ಹುಲುಗೇಶ: ಕುರುಗೋಡಿಂದ ಇಬ್ಬರು ಕೋಚ್ ಊಟಕ್ಕ ಬರ್ತಾರ ಜ್ಯೋತಿ. ಆಟಗಾರರನ್ನ ಯಾವಾಗ ಒಳಗ ಕಳಿಸ್ಬೇಕು, ಯಾವಾಗ ಹೊರಗ ಕರೀಬೇಕು ಅಂತ ನನ್ನ ಕೇಳಾಕ ಬರ್ತಾರ. ಅವ್ರಿಗೆ ಬರೇ ಮಾತು ಬಡಿಸ್ಲೇನು?

ಹುಲುಗೇಶ ಬಳ್ಳಾರಿಯ ಕಾಲೇಜೊಂದರ ಹುಡುಗಿಯರ ಬ್ಯಾಸ್ಕೆಟ್‌ಬಾಲ್ ಕೋಚ್. ಅವನ ಹೆಂಡತಿ ಜ್ಯೋತಿಲಕ್ಷ್ಮಿ ಮದುವೆಗೆ ಮುಂಚೆ ಇದೇ ಆಟ ಆಡಿದವಳು. ಇವತ್ತು ಸಂಜೆ ಸಿರುಗುಪ್ಪದಲ್ಲಿ ಅವಳ ಹಳೆಯ ಗೆಳತಿಯರ ಪಂದ್ಯವಿದೆ. ಟ್ರ್ಯಾಕ್ ಪ್ಯಾಂಟು ಹಾಕಿಕೊಂಡು, ಶೂ ಕೈಯಲ್ಲಿ ಹಿಡಿದು, ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಾಳೆ.

ಹುಲುಗೇಶ: ನೀನೇನು ಮೊದ್ಲಿನ ಐದು ಮಂದ್ಯಾಗ ಇಲ್ಲಲ್ಲ. ಬೆಂಚಿನ ಮ್ಯಾಲ ಕುಂದ್ರಾಕ ಅಷ್ಟು ದೂರ ಹೋಗ್ಬೇಕಾ?

ಜ್ಯೋತಿಲಕ್ಷ್ಮಿ: ನಮ್ಮ ಕಡೆ ಇರೋದ ಆರು ಮಂದಿ. ನಾನು ಆರನೇದಾಕಿ. ನಾನು ಹೋಗ್ಲಿಲ್ಲಂದ್ರ ಆ ಐದೂ ಮಂದಿ ನಾಲ್ಕೂ ಕ್ವಾರ್ಟರ್ ಕುಂದ್ರದ ಓಡ್ಬೇಕು. ನಿಮ್ಮ ಹುಡುಗೇರಿಗೆ ದಿನಾ ಏನು ಹೇಳ್ತೀರಿ ನೀವು?

ಹುಲುಗೇಶ ಮೈಮರೆತು ಹುರುಪಾದ.

ಹುಲುಗೇಶ: ಬೆಂಚ್ ಗಟ್ಟಿ ಇದ್ರ ಟೀಮ್ ಗಟ್ಟಿ. ಎಂಥಾ ಹುಲಿಯಂಥಾಕಿ ಆಗ್ಲಿ, ದಣಿಯೋಕಿಂತ ಮೊದ್ಲ ಹೊರಗ ಕರೀಬೇಕು. ದಣದು ಬಿದ್ದ ಮ್ಯಾಲ ಕರದ್ರ ಅದು ವಿಶ್ರಾಂತಿ ಅಲ್ಲ, ಆಸ್ಪತ್ರಿ.

ಜ್ಯೋತಿಲಕ್ಷ್ಮಿ: ಭಾಳ ಚಂದ ಹೇಳಿದ್ರಿ. ಮದಿವಿ ಆದಾಗಿಂದ ನನ್ನ ಒಮ್ಮಿಯರ ಹೊರಗ ಕರದೀರೇನು?

ಹುಲುಗೇಶ: ಹೆರಿಗಿಗೆ ತವರಿಗೆ ಕಳಿಸಿದ್ದೆನಲ್ಲ.

ಜ್ಯೋತಿಲಕ್ಷ್ಮಿ: ಅದು ವಿಶ್ರಾಂತಿ ಏನ್ರಿ? ಬ್ಯಾರೆ ಅಂಕಣದಾಗ ಫೈನಲ್ ಆಡಿ ಬಂದೆ.

ಒಳಗೆ ಬದನೆಕಾಯಿ ಹೆಚ್ಚುತ್ತಿದ್ದ ಅತ್ತೆ ಜೋಗಮ್ಮ ಕಿಸಕ್ಕನೆ ನಕ್ಕಳು.

ಹುಲುಗೇಶ: ನೀ ಯಾಕ ನಗ್ತೀ ಅವ್ವ? ಈ ಮನಿ ಬೆಂಚಿನ ಮ್ಯಾಲ ನಾನು ಅದೀನಲ್ಲ. ಕರದ್ರ ಬರ್ತೀನಿ.

ಜ್ಯೋತಿಲಕ್ಷ್ಮಿ: ಬೆಂಚಿನ ಮ್ಯಾಲ ಕುಂತೋರು ಶೂ ಕಟ್ಕೊಂಡು ಆಟದ ಮ್ಯಾಲ ಕಣ್ಣಿಟ್ಟಿರ್ತಾರ. ನೀವು ಉಪ್ಪಿನ ಡಬ್ಬಿ ಎಲ್ಲೈತಿ ಅಂತ ಇನ್ನಾ ಕೇಳ್ತೀರಿ.

ಹುಲುಗೇಶ: ಮಂದಿ ಬರೋ ದಿನಾನ ಹೊಸಬರನ್ನ ಇಳಿಸ್ತಾರೇನು?

ಜ್ಯೋತಿಲಕ್ಷ್ಮಿ: ಹೊಸಬರನ್ನ ಹಗುರ ಮ್ಯಾಚಿನಾಗ ಇಳಿಸಿ ರೂಢಿ ಮಾಡ್ಬೇಕು, ನೀವ ಹೇಳಿದ್ದು. ಇವತ್ತು ಬರೇ ರೊಟ್ಟಿ, ಬದ್ನಿಕಾಯಿ. ದೀಪಾವಳಿಗೆ ಇಳಿಸಿದ್ರ ಅಳ್ತೀರಿ. ಬರ್ರಿ, ಆಟೋ ಬರೋತನಕ ನಾನೂ ನೋಡ್ತೀನಿ.

ಹುಲುಗೇಶ ಅಂಗಿಯ ತೋಳು ಮಡಚಿ ಹಿಟ್ಟಿಗೆ ಕೈ ಹಾಕಿದ. ಮೊದಲ ರೊಟ್ಟಿ ಅಂಗೈಯನ್ನು ಬಿಡಲಿಲ್ಲ. ಎರಡನೆಯದು ರೊಟ್ಟಿ ಬಡಿಯುವ ಪರಾತವನ್ನು ಬಿಡಲಿಲ್ಲ. ಮೂರನೆಯದು ಜಿಲ್ಲೆಯ ನಕಾಶೆಯಾಗಿ ಹಂಚಿನ ಮೇಲೆ ಬಿತ್ತು.

ಹುಲುಗೇಶ: ಟೈಮ್ ಔಟ್.

ಜೋಗಮ್ಮ: ಹಂಚಿಗೆ ಟೈಮ್ ಔಟ್ ಗೊತ್ತಿಲ್ಲಪ. ಹೊತ್ತಾಕತ್ತೈತಿ, ತಿರುವು.

ಹೊರಗೆ ಆಟೋದ ಹಾರ್ನ್ ಕೇಳಿಸಿತು. ಜ್ಯೋತಿಲಕ್ಷ್ಮಿ ಬ್ಯಾಗು ಹೆಗಲಿಗೇರಿಸಿದಳು.

ಹುಲುಗೇಶ: ಅವ್ವ, ನೀನರ ನನ್ನ ಕೂಡ ಇರು. ಎಲ್ಲಾರನ್ನೂ ಒಮ್ಮಿಗೇ ಬದ್ಲಿ ಮಾಡ್ಬಾರ್ದು. ಅನುಭವ ಇದ್ದಾಕಿ ಒಬ್ಬಾಕಿ ಅಂಕಣದಾಗ ಉಳೀಬೇಕು. ಇದು ನಿಯಮ.

ಜೋಗಮ್ಮ ಈಳಿಗೆಮಣೆ ಬಿಟ್ಟು ಎದ್ದು, ಕೈ ತೊಳೆದು, ಸೆರಗಿಗೆ ಒರೆಸಿಕೊಂಡಳು.

ಜೋಗಮ್ಮ: ಒಬ್ಬಾಕೀನೇ ಯಾವಾಗ್ಲೂ ಉಳೀಬೇಕು ಅಂತೈತೇನು ನಿಯಮದಾಗ? ಜ್ಯೋತಿ, ನಿಲ್ಲವಾ, ನಾನೂ ಬರ್ತೀನಿ.

ಜ್ಯೋತಿಲಕ್ಷ್ಮಿ: ನೀವೂ ಆಡ್ತೀರೇನು ಅತ್ತಿ?

ಜೋಗಮ್ಮ: ಇಲ್ಲವಾ. ಆರು ಮಂದ್ಯಾಗ ಬೆಂಚಿನ ಮ್ಯಾಲ ಒಬ್ಬಾಕೀನ ಇರ್ತಾಳ, ಜಾಗ ಭಾಳ ಇರ್ತೈತಲ್ಲ. ಕುಂದ್ರೋದು ಹೆಂಗಿರ್ತೈತಿ ಅಂತ ಒಮ್ಮಿ ನೋಡ್ಬೇಕು.

ಅತ್ತೆ ಸೊಸೆ ನಗುತ್ತ ಪಡಸಾಲೆ ದಾಟಿದರು. ಅಲ್ಲಿ ಮಂಚದ ಮೇಲೆ ಹುಲುಗೇಶನ ತಂದೆ ಎರ್ರೆಪ್ಪ ಮೊಬೈಲು ಎದೆಯ ಮೇಲಿಟ್ಟುಕೊಂಡು ಒರಗಿದ್ದ. ಹಿಟ್ಟಿನ ಕೈಯಲ್ಲೇ ಹುಲುಗೇಶ ಹಿಂದೆ ಓಡಿ ಬಂದ.

ಹುಲುಗೇಶ: ಅಪ್ಪ, ಏಳ್ರಿ. ನನ್ನೊಬ್ಬನ ಕೈಲಿ ಆಗಂಗಿಲ್ಲ. ನೀವು ಬದ್ನಿಕಾಯಿ ನೋಡ್ಕೊಳ್ರಿ.

ಎರ್ರೆಪ್ಪ: ಈ ವಯಸ್ಸಿನ್ಯಾಗ ನನ್ನ ಯಾಕ ಎಬ್ಬಸ್ತೀಲೇ? ನಾನು ರಿಟೈರ್ ಆದಾಂವ.

ಚಪ್ಪಲಿ ಮೆಟ್ಟುತ್ತಿದ್ದ ಜೋಗಮ್ಮ ಗಂಡನ ಕಡೆ ತಿರುಗಿದಳು.

ಜೋಗಮ್ಮ: ಅಡಿಗಿಮನ್ಯಾಗ ಒಂದಿನಾನೂ ಇಳೀಲಿಲ್ಲ. ಯಾವ ಆಟದಿಂದ ರಿಟೈರ್ ಆದ್ರಿ ನೀವು?