ನಾದಿನಿಯ ಗೃಹಪ್ರವೇಶಕ್ಕೆ ನೂರೊಂದು ಸೋಪು

ಸೋಪು ಮಾಡುವುದಕ್ಕೆಂದೇ ಈ ಭೂಮಿಯ ಮೇಲೆ ಒಬ್ಬ ಗಂಡಸು ಅವತರಿಸಿದ್ದರೆ ಅದು ನಾನೇ ಎಂದು ನಾನು ಘೋಷಿಸಿದ್ದು ಒಂದು ಭಾನುವಾರದ ಬೆಳಗ್ಗೆ, ತುಮಕೂರಿನ ನಮ್ಮ ಮನೆಯ ಅಡುಗೆಮನೆ ಬಾಗಿಲಲ್ಲಿ, ಕೈಯಲ್ಲಿ ತಟ್ಟೆ ಇಡ್ಲಿ ಹಿಡಿದುಕೊಂಡು!

ಸಂದರ್ಭ ಹಾಗಿತ್ತು. ನನ್ನ ಹೆಂಡತಿ ಶಶಿರೇಖಾಳ ತಂಗಿ ಮಾನಸಾ ಕುಣಿಗಲ್ಲಿನಲ್ಲಿ ಮನೆ ಕಟ್ಟಿಸಿದ್ದಳು. ಗೃಹಪ್ರವೇಶಕ್ಕೆ ಇನ್ನೆರಡು ತಿಂಗಳು. ಬಂದ ಹೆಂಗಸರಿಗೆ ತಾಂಬೂಲದ ಜೊತೆ ಏನು ಕೊಡುವುದು ಎಂಬ ಬಗ್ಗೆ ಅಕ್ಕತಂಗಿಯರ ನಡುವೆ ಫೋನಿನಲ್ಲಿ ಮೂರು ದಿನದಿಂದ ದುಂಡುಮೇಜಿನ ಪರಿಷತ್ತು ನಡೆದಿತ್ತು. ಸ್ಟೀಲ್ ಡಬ್ಬಿ ಬಿದ್ದುಹೋಯಿತು. ಪ್ಲಾಸ್ಟಿಕ್ ಬುಟ್ಟಿ ಬಿದ್ದುಹೋಯಿತು. ಬ್ಲೌಸ್ ಪೀಸಂತೂ ಚರ್ಚೆಗೇ ಬರಲಿಲ್ಲ.

"ಸೋಪು ಕೊಡೋಣ!" ಎಂದೆ. "ನಾನೇ ಮಾಡ್ತೀನಿ. ನೂರೊಂದು ಸೋಪು! ಅರಿಶಿನದ್ದು ಹಳದಿ, ಬೀಟ್ರೂಟಿಂದು ಗುಲಾಬಿ, ಮಲ್ಲಿಗೆ ಪರಿಮಳ. ಒಂದು ಹನಿ ಕೆಮಿಕಲ್ ಇರಲ್ಲ!"

"ಕಾಸ್ಟಿಕ್ ಸೋಡಾ ಹಾಕ್ತಾರಲ್ಲ, ಅದು ಕೆಮಿಕಲ್ ಅಲ್ವೇನ್ರೀ?"

ಕೆಮಿಸ್ಟ್ರಿ ಲೆಕ್ಚರರ್ ಒಬ್ಬನಿಗೆ ಕೇಳಬಾರದ ಪ್ರಶ್ನೆ ಇದು. ಕ್ಯಾತ್ಸಂದ್ರದ ಪಿಯು ಕಾಲೇಜೊಂದರಲ್ಲಿ ಪ್ರತಿ ವರ್ಷ ಎಣ್ಣೆಗೆ ಕ್ಷಾರ ಸೇರಿಸಿ ಸೋಪು ಮಾಡುವವನು ನಾನು. ಬೋರ್ಡಿನ ಮೇಲೆ! ಅಲ್ಲಿ ನಾನು ಸೀಮೆಸುಣ್ಣದಲ್ಲಿ ಮಾಡಿದ ಸೋಪಿನಲ್ಲಿ ಇಡೀ ಜಿಲ್ಲೆ ಸ್ನಾನ ಮಾಡಬಹುದಿತ್ತು. ಬೋರ್ಡಿನಿಂದ ಈಚೆಗೆ ಒಂದೇ ಒಂದು ಸೋಪೂ ಬಂದಿರಲಿಲ್ಲ, ಅಷ್ಟೇ.

"ನೋಡ್ತಿರು," ಎಂದೆ. "ಇದು ಬರೀ ಸೋಪಲ್ಲ, ನನ್ನ ಯಶಸ್ಸಿನ ಸೋಪಾನ!"

"ಜಾರದಿದ್ರೆ ಸಾಕು," ಎಂದು ಅವಳು ಚಟ್ನಿ ಬಡಿಸಿದಳು.

ಸುದ್ದಿ ಗುಬ್ಬಿಯ ಹತ್ತಿರದ ಹಳ್ಳಿಯಲ್ಲಿರುವ ಅತ್ತೆ ವನಜಮ್ಮನವರಿಗೆ ಮುಟ್ಟಿತು. ಮರುದಿನವೇ ಬಸ್ಸಿನಲ್ಲಿ ಒಂದು ಡಬ್ಬ ಕೊಬ್ಬರಿ ಎಣ್ಣೆ ಬಂತು. ಹಿಂದೆಯೇ ಫೋನು.

"ಅಳಿಯಂದ್ರೇ, ನಮ್ ತೋಟದ ಕೊಬ್ರಿ ಕಣಪ್ಪ. ಗಾಣದ ಮುಂದೆ ನಾನೇ ಕುಂತು ಆಡ್ಸಿವ್ನಿ. ವರ್ಷುಕ್ಕೆಲ್ಲಾ ಆಯ್ತದೆ ಅಂತ ಮಡಗಿದ್ದೆ. ತಿನ್ನೋ ಎಣ್ಣೆ. ಹಾಳು ಮಾಡ್ಬ್ಯಾಡಿ."

"ನನ್ ಕೈಲಿ ಹಾಳಾಗೋದುಂಟಾ ಅತ್ತೆ?" ಎಂದು ನಕ್ಕೆ. ಆದರೆ ಫೋನಿಟ್ಟ ಮೇಲೆ ಡಬ್ಬ ನೋಡಿದೆ. ಅಳಿಯನ ಮರ್ಯಾದೆ ಪೂರ್ತಿ ಆ ಡಬ್ಬದಲ್ಲಿ ಕೂತು ನನ್ನನ್ನೇ ನೋಡುತ್ತಿತ್ತು!

ನಾನು ಆರಿಸಿಕೊಂಡದ್ದು ಕೋಲ್ಡ್ ಪ್ರೊಸೆಸ್, ಅಂದರೆ ಒಲೆಯ ಮೇಲೆ ಬೇಯಿಸದೆ ಮಾಡುವ ಸೋಪು. ಕಾಸ್ಟಿಕ್ ಸೋಡಾವನ್ನು ನೀರಿಗೆ ಹಾಕಬೇಕು. ಅದು ಹೊಗೆಯಾಡಿ, ಬುಸುಗುಟ್ಟಿ, ಸಿಟ್ಟಿಳಿದು ತಣ್ಣಗಾದ ಮೇಲೆ ಎಣ್ಣೆಗೆ ಸೇರಿಸಿ, ದೋಸೆ ಹಿಟ್ಟಿನ ಹದಕ್ಕೆ ಬರುವ ತನಕ ಕಡೆಯಬೇಕು. ಆಮೇಲೆ ಅಚ್ಚಿಗೆ ಸುರಿದು ಆರು ವಾರ ಒಣಗಿಸಬೇಕು. ಒಣಗುತ್ತಾ ಒಣಗುತ್ತಾ ಸೋಪು ಗಟ್ಟಿಯಾಗುತ್ತದೆ, ಮೈಗೆ ಹಿತವಾಗುತ್ತದೆ.

ಮುಂದಿನ ಭಾನುವಾರ ರೇನ್‌ಕೋಟು, ಗಾಡಿ ಓಡಿಸುವ ಹೆಲ್ಮೆಟ್ಟು, ಮೊಣಕೈವರೆಗೆ ಗ್ಲೌಸು ತೊಟ್ಟು ಟೆರೇಸಿನ ಮೇಲೆ ನಿಂತೆ.

"ಸೋಪ್ ಮಾಡೋಕ್ ಹೊರಟಿದೀರೋ, ಜೇನ್ ಕೀಳೋಕೋ?"

"ವಿಜ್ಞಾನಿಗೆ ರಕ್ಷಣೆ ಮುಖ್ಯ," ಎಂದು ಹೆಲ್ಮೆಟ್ಟಿನ ಒಳಗಿಂದ ಹೇಳಿದೆ. ಅವಳಿಗೆ ಕೇಳಿಸಲಿಲ್ಲ. ಕೇಳಿಸಿಕೊಳ್ಳಲು ಅವಳು ನಿಂತೂ ಇರಲಿಲ್ಲ.

ಮೊದಲ ಸುತ್ತು ಅರಿಶಿನ. ಎಣ್ಣೆ, ಕ್ಷಾರ ಎಲ್ಲ ಸುಸೂತ್ರವಾಗಿ ಕೂಡಿಕೊಂಡವು. ಹದ ಬಂತು! ಹಿಗ್ಗಿನಿಂದ ಒಂದು ಬಟ್ಟಲು ಅರಿಶಿನ ಸುರಿದು ತಿರುಗಿಸಿದೆ. ಹಳದಿ ಬಂತು. ಹಳದಿ ಕೇಸರಿಯಾಯಿತು. ಕೇಸರಿ ಕೆಂಪಾಯಿತು. ನೋಡನೋಡುತ್ತಿದ್ದಂತೆ ಬಕೆಟ್ಟಿನ ತುಂಬ ಕಡುಗೆಂಪು!

"ಶಶೀ!" ಎಂದು ಕೂಗಿಕೊಂಡೆ.

ಓಡಿ ಬಂದವಳು ನನ್ನ ಕೆಂಪು ಗ್ಲೌಸು, ಕೆಂಪು ಬಕೆಟ್ಟು ನೋಡಿ ಎದೆ ಹಿಡಿದುಕೊಂಡಳು. "ಅಯ್ಯೋ ದೇವ್ರೇ, ಎಲ್ಲಿ ಕುಯ್ಕೊಂಡ್ರಿ?"

"ಕುಯ್ಕೊಂಡಿಲ್ಲ. ಅರಿಶಿನ ಹಾಕ್ದೆ, ಕೆಂಪಾಗೋಯ್ತು. ಕಲಬೆರಕೆ ಅರಿಶಿನ ಕಣೇ! ಅಂಗಡಿಯವನ ಮೇಲೆ ಕಂಪ್ಲೇಂಟ್ ಕೊಡ್ತೀನಿ!"

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ರೀ, ಆರತಿ ನೀರು ಹೆಂಗ್ ಮಾಡ್ತಾರೆ?"

"ಹೆಂಗೆ?"

"ಅರಿಶಿನದ ನೀರಿಗೆ ಸುಣ್ಣ ಹಾಕ್ತಾರೆ. ಕೆಂಪಾಗತ್ತೆ. ಅಕ್ಷರ ಬರ್ದೇ ಇರೋ ನಮ್ಮಜ್ಜಿಗೂ ಗೊತ್ತಿತ್ತು. ನಿಮ್ ಎಂಎಸ್ಸೀಲಿ ಹೇಳ್ಕೊಡ್ಲಿಲ್ವಾ?"

ಹೇಳಿಕೊಟ್ಟಿದ್ದರು! ಅರಿಶಿನ ಕ್ಷಾರದಲ್ಲಿ ಕೆಂಪಾಗುತ್ತದೆ ಎಂದು ನಾನೇ ಪ್ರತಿ ವರ್ಷ ಮಕ್ಕಳಿಗೆ ಹೇಳಿಕೊಡುತ್ತೇನೆ. ಎರಡು ಅಂಕದ ಪ್ರಶ್ನೆ! ಆದರೆ ಹೆಲ್ಮೆಟ್ ಹಾಕಿಕೊಂಡಾಗ ಅದು ನೆನಪಾಗಬೇಕಲ್ಲ?

ಹೋಗಲಿ, ಎರಡನೇ ಸುತ್ತಿಗೆ ಬೀಟ್ರೂಟ್ ಇತ್ತು. ಜೊತೆಗೆ ಪೇಟೆಯಿಂದ ತಂದ ಮಲ್ಲಿಗೆ ಸುಗಂಧದ ಬಾಟಲಿ. "ಒಂದ್ ಮುಚ್ಚಳ ಸಾಕು ಸಾರ್," ಎಂದಿದ್ದ ಅಂಗಡಿಯವನು. ನಾನು ಪಾಠ ಹೇಳುವವನು, ಹೇಳಿಸಿಕೊಳ್ಳುವವನಲ್ಲ! ಇಡೀ ಬಾಟಲಿ ಬಗ್ಗಿಸಿ, ಮಜ್ಜಿಗೆ ಕಡೆಯುವ ಮಿಕ್ಸರ್ ಒತ್ತಿದೆ. ಅದು ಎರಡು ಸುತ್ತು ತಿರುಗಿತು. ಮೂರನೇ ಸುತ್ತಿಗೆ ಗೊಂಯ್ ಎಂದಿತು. ಆಮೇಲೆ ಏನೂ ಅನ್ನಲಿಲ್ಲ. ದೋಸೆ ಹಿಟ್ಟಿನ ಹದ ಬರಬೇಕಾದ ಮಿಶ್ರಣ ಒಂದೇ ಉಸಿರಿಗೆ ಮುದ್ದೆಯ ಹದಕ್ಕೆ ಬಂದು, ಮಿಕ್ಸರು ಹುತ್ರಿದುರ್ಗದ ಬಂಡೆಯ ಮೇಲೆ ನೆಟ್ಟ ಬಾವುಟದ ಕಂಬದ ಹಾಗೆ ನೆಟ್ಟಗೆ ನಿಂತುಬಿಟ್ಟಿತು. ಎಳೆದರೆ ಬಕೆಟ್ಟೂ ಸೇರಿ ಮೇಲೆದ್ದಿತು!

ಗುಲಾಬಿ ಬಣ್ಣ? ಅದು ಕ್ಷಾರಕ್ಕೆ ತಾಗಿದ ಕ್ಷಣವೇ ಪ್ರಾಣ ಬಿಟ್ಟಿತ್ತು. ಉಳಿದದ್ದು ಮಣ್ಣಿನ ಕಂದು.

ಅಚ್ಚಿಗೆ ಸುರಿಯುವ ಮಾತೇ ಇಲ್ಲವಾದ್ದರಿಂದ ಕೈಯಿಂದ ಬಾಚಿ ಬಾಚಿ ಉಜ್ಜಿದ ಕರಟಗಳಿಗೆ ಅಮುಕಿದೆ. ಮರುದಿನ ಕವುಚಿ ಹಾಕಿದರೆ ಐವತ್ತೊಂದು ಕಂದು ಉಂಡೆಗಳು. ಪಕ್ಕದಲ್ಲಿ ಮೊದಲ ಸುತ್ತಿನ ಐವತ್ತು ಕೆಂಪು ತುಂಡುಗಳು.

"ಒಂದ್ ಕಡೆ ಇಟ್ಟಿಗೆ, ಒಂದ್ ಕಡೆ ಬೆಲ್ಲ," ಎಂದಳು ಶಶಿ. "ಮಾನಸಾ ಇನ್ನೊಂದ್ ರೂಮ್ ಕಟ್ಸ್‌ಬೋದು."

ಆದರೆ ಆರು ವಾರ ಕಳೆದ ಮೇಲೆ ಅವಳೇ ಒಂದು ಕಂದು ಸೋಪು ತೆಗೆದುಕೊಂಡು ಬಚ್ಚಲಿಗೆ ಹೋದಳು. ನಾನು ಬಾಗಿಲಾಚೆ ರಿಸಲ್ಟ್ ಕಾಯುವ ಹುಡುಗನ ಹಾಗೆ ನಿಂತಿದ್ದೆ. ಹೊರಗೆ ಬಂದವಳು ತೋಳು ಮೂಸಿಕೊಂಡು, "ನೊರೆ ಚೆನ್ನಾಗಿದೆ ಕಣ್ರೀ. ಮೈಯೂ ಒರಟಾಗಿಲ್ಲ," ಎಂದಳು. ಆ ಕ್ಷಣ ನನಗೆ ರೆಕ್ಕೆ ಹುಟ್ಟಿದವು! ಬಣ್ಣ ಹೋದರೇನು, ಗುಣ ಉಳಿಯಿತಲ್ಲ!

ಹುಮ್ಮಸ್ಸು ಹೆಚ್ಚಾದಾಗಲೇ ನಾನು ತಪ್ಪು ಮಾಡುವುದು. ಪ್ಲಾಸ್ಟಿಕ್ ಕವರು ಬೇಡ, ಎಲ್ಲವೂ ನೈಸರ್ಗಿಕವಾಗಿರಲಿ ಎಂದು ಎರಡು ಬಿದಿರು ಬುಟ್ಟಿಗೆ ಹುಲ್ಲು ಹಾಸಿ ಸೋಪು ಜೋಡಿಸಿದೆ. ಹೆಸರು ಅಚ್ಚು ಹಾಕಿಸಿದ ಕಾಗದದ ಪಟ್ಟಿಗಳನ್ನು ಅಲ್ಲೇ ಕುಣಿಗಲ್ಲಿನಲ್ಲಿ ಸುತ್ತಿದರಾಯಿತು ಎಂದುಕೊಂಡೆ. ಗೃಹಪ್ರವೇಶದ ಬೆಳಗ್ಗೆ ಹೋಗಿ ನೋಡಿದರೆ ಹೊಸ ಮನೆಯೊಳಗೆ ಕಾಲಿಡಲು ಜಾಗವಿಲ್ಲ. ಕೆಂಪು ಬುಟ್ಟಿಯನ್ನು ಹೇಗೋ ಮಹಡಿಗೆ ಸಾಗಿಸಿ, ಕಂದು ಬುಟ್ಟಿಯನ್ನು ಹಿತ್ತಲಿನ ಪೆಂಡಾಲಿನಲ್ಲಿ ಇಳಿಸಿದೆ.

ಹಿತ್ತಲಿನ ಪೆಂಡಾಲಿನಲ್ಲಿ ಅಡುಗೆ ನಡೆದಿತ್ತು. ಅಡುಗೆಯವರು ಲಕ್ಷ್ಮೀನರಸಿಂಹಯ್ಯನವರು.

ಮೇಲೆ ಕೂತು ಪಟ್ಟಿ ಸುತ್ತುತ್ತಿದ್ದೆ. ಅಷ್ಟರಲ್ಲಿ ಕೆಳಗಿನಿಂದ ಮಾವ ಗಂಗಹನುಮಯ್ಯನವರ ಸಂಭ್ರಮದ ಕೂಗು ಕೇಳಿತು.

"ಬನ್ರಪ್ಪಾ, ಬನ್ರವ್ವಾ! ಬೆಳಿಗ್ಗೆ ಹಾಲುಕ್ಕಿದ್ದು ಏನ್ ಮಹಾ, ಇಲ್ಲಿ ಪಾಯಸ ಉಕ್ತಾ ಅದೆ ನೋಡ್ರಿ! ಈ ಮನೆ ಸಿರಿಗೆ ಕೊನೆ ಇಲ್ಲ ಬುಡಿ!"

ಬಗ್ಗಿ ನೋಡಿದೆ. ಕೊಪ್ಪರಿಗೆಯ ಮೇಲೆ ಬೆಳ್ಳನೆಯ ನೊರೆಯ ಗೋಪುರ! ಅದು ಏರಿತು, ವಾಲಿತು, ಕೊಪ್ಪರಿಗೆಯ ಅಂಚು ದಾಟಿ ನೆಲಕ್ಕಿಳಿದು ಜನರ ಕಡೆಗೆ ಹೊರಟಿತು. ಹೆಂಗಸರು ಕೈಮುಗಿದರು. ಯಾರೋ ಅರಿಶಿನ ಕುಂಕುಮ ಎರಚಿದರು. ಒಬ್ಬಾಕೆ ಹಾಡನ್ನೂ ಶುರುಮಾಡಿದರು. ಗಾಳಿಯಲ್ಲಿ ಹಿತವಾದ ಮಲ್ಲಿಗೆಯ ಪರಿಮಳ.

ಆ ಪರಿಮಳ ನನಗೆ ಗೊತ್ತಿತ್ತು!

ಮೆಟ್ಟಿಲನ್ನು ಎರಡೆರಡಾಗಿ ಹಾರಿ ಬುಟ್ಟಿಯ ಹತ್ತಿರ ಬಂದೆ. ಅರ್ಧ ಬುಟ್ಟಿ ಖಾಲಿ.

"ಇದ್ರಲ್ಲಿದ್ದಿದ್ದು ಎಲ್ಲಿ?" ಎಂದು ಲಕ್ಷ್ಮೀನರಸಿಂಹಯ್ಯನವರನ್ನು ಹಿಡಿದು ಅಲ್ಲಾಡಿಸಿದೆ.

"ಬೆಲ್ಲ ತಾನೆ ಸ್ವಾಮಿ? ಎಡೆಗೆ ಮುಂಚೆ ರುಚಿ ನೋಡಂಗಿಲ್ವಲ್ಲ, ಬಣ್ಣ ನೋಡ್ಕಂಡು ಹತ್ತು ಉಂಡೆ ಹಾಕ್ದೆ, ಬಣ್ಣ ಹತ್ತಲಿಲ್ಲ. ಇನ್ನೂ ಹತ್ತು ಹಾಕ್ದೆ. ಊಹ್ಞೂಂ! ಆರ್ಗ್ಯಾನಿಕ್ ಬೆಲ್ಲ, ಬಣ್ಣ ಕಮ್ಮಿ ಬಿಡ್ತದೆ ಅಂದ್ಕಂಡು ಮತ್ತೈದು ಹಾಕ್ದೆ."

"ವಾಸ್ನೆ ಬರ್ಲಿಲ್ವೇನ್ರೀ?"

"ಬಂತು. ಈಗಿನವ್ರು ಏನೇನೋ ತತ್ತಾರೆ, ಮಲ್ಲಿಗೆ ಬೆಲ್ಲ ಇರ್ಬೋದು ಅಂದ್ಕಂಡೆ!"

ಅಷ್ಟರಲ್ಲಿ ಬಡಿಸುವವನು ಪಾಯಸದ ಬಕೆಟ್ಟು ಎತ್ತಿಕೊಂಡು ಪಂಕ್ತಿಯ ಕಡೆ ಹೊರಟಿದ್ದ. ನೂರಾರು ಎಲೆಗಳು ಕಾಯುತ್ತಿದ್ದವು. ಸುಮ್ಮನಿದ್ದರೆ ಊರಿಗೆ ಊರೇ ಹೊಟ್ಟೆ ಹಿಡಿದುಕೊಂಡು ಓಡುತ್ತದೆ. ಬಾಯಿ ಬಿಟ್ಟರೆ ಅಳಿಯನ ಮರ್ಯಾದೆ ಕುಣಿಗಲ್ ಕೆರೆ ಪಾಲು. ಅರ್ಧ ಕ್ಷಣ ನಿಂತೆ. ಆಮೇಲೆ ನನ್ನ ಬಾಯಿ ತಾನಾಗಿಯೇ ಕೂಗಿತು: "ಯಾರೂ ಪಾಯಸ ಮುಟ್ಬೇಡೀ! ಅದು ಸೋಪು!"

ವಾಲಗ ನಿಂತಿತು. ಹಾಡು ನಿಂತಿತು. ನೊರೆ ಮಾತ್ರ ನಿಲ್ಲಲಿಲ್ಲ.

ಮಾವನವರು ಆಗಲೇ ಪ್ರಸಾದವೆಂದು ಒಂದು ದೊನ್ನೆ ಕುಡಿಯಲು ಹೊರಟು ಬಾಯಿಗಿಟ್ಟಿದ್ದರು. ಥೂ ಎಂದು ಉಗಿದು, "ಏನಂದ್ರೀ?" ಎಂದು ಕೇಳಿದರು. 'ರೀ' ಎಂಬಲ್ಲಿ ಒಂದು ಗುಳ್ಳೆ ಹೊರಬಂದು ತೇಲಿಹೋಯಿತು. ನೀರು ಕೊಟ್ಟೆವು. ಮುಕ್ಕಳಿಸಿದಷ್ಟೂ ನೊರೆ!

ಮಾನಸಾ ಅಳಲು ಶುರುಮಾಡಿದಳು. ನಾನು ತಲೆ ತಗ್ಗಿಸಿ ಅತ್ತೆಯವರ ಮುಂದೆ ನಿಂತೆ. "ತಪ್ಪಾಯ್ತು ಅತ್ತೆ. ನಿಮ್ ಎಣ್ಣೆ..."

ವನಜಮ್ಮನವರು ಕೊಪ್ಪರಿಗೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. "ಹೋಗ್ಲಿ ಬುಡಿ ಅಳಿಯಂದ್ರೇ. ತಿನ್ನೋ ಎಣ್ಣೆ ಅಂದಿದ್ನಲ್ಲ, ಹೆಂಗೋ ಅಡಿಗೆಗೇ ಬಿತ್ತು!"

ಮೊದಲು ಮಾವನವರು ನಕ್ಕರು, ಇನ್ನೆರಡು ಗುಳ್ಳೆ ಹಾರಿಸುತ್ತಾ. ಆಮೇಲೆ ಪೆಂಡಾಲೇ ನಕ್ಕಿತು. ಅಳುತ್ತಿದ್ದ ಮಾನಸಾ ಕೂಡ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಕ್ಕಳು.

ಶಶಿ ಮಾತ್ರ ನಗುತ್ತಾ ನಿಲ್ಲಲಿಲ್ಲ. ತಾಂಬೂಲಕ್ಕೆಂದು ತಂದಿದ್ದ ಬಾಳೆಹಣ್ಣಿನ ಗೊನೆಗಳನ್ನು ಎಳೆದು ನನ್ನ ಮುಂದೆ ಹಾಕಿದಳು. "ಸುಲೀರಿ. ಇಪ್ಪತ್ ನಿಮಿಷದಲ್ಲಿ ರಸಾಯನ ಆಗ್ಬೇಕು."

ರೇಷ್ಮೆ ಪಂಚೆ ಮೇಲೆ ಕಟ್ಟಿ ಕೂತೆ. ಸುಲಿದೆ, ಸುಲಿದೆ, ಸುಲಿಯುತ್ತಲೇ ಹೋದೆ! ಅವಳು ಹಣ್ಣು ಹೆಚ್ಚಿ, ಬೆಲ್ಲ ಪುಡಿಮಾಡಿ, ಕಾಯಿತುರಿ ಏಲಕ್ಕಿ ಬೆರೆಸಿದಳು. ಬೆಲ್ಲ ಹಾಕುವ ಮೊದಲು ಪ್ರತಿಯೊಂದು ತುಂಡನ್ನೂ ನನ್ನ ನಾಲಿಗೆಗೆ ಮುಟ್ಟಿಸಿ ಪರೀಕ್ಷಿಸಿದಳು. ಎಲೆಗಳಿಗೆ ರಸಾಯನ ಬಿತ್ತು. ಜನ ಎರಡೆರಡು ಸಲ ಹಾಕಿಸಿಕೊಂಡರು.

"ರಸಾಯನ ಸೊಗಸಾಗೈತಲ್ಲ, ಯಾರ್ ಮಾಡಿದ್ದು?" ಎಂದು ಒಬ್ಬ ಹಿರಿಯರು ಕೇಳಿದರು.

"ನಮ್ಮನೆಯವ್ರು ಕೈ ಹಾಕಿದಾರೆ," ಎಂದಳು ಶಶಿ. "ರಸಾಯನಶಾಸ್ತ್ರದ ಮೇಷ್ಟ್ರು. ಬಾಯಿಗಿಡೋ ಹಂಗೆ ಮಾಡಿದ್ದು ಇದೇ ಮೊದ್ಲು."

ಊಟ ಮುಗಿದು ಹಿತ್ತಲಿಗೆ ಬಂದಾಗ ನನ್ನ ಕಣ್ಣಿಗೆ ಬಿದ್ದದ್ದು ಆ ಕೊಪ್ಪರಿಗೆ. ಪಾಯಸ ಚೆಲ್ಲಿ ತಿಕ್ಕಿ ಬೋರಲು ಹಾಕಿದ್ದರು. ಬಿಸಿಲಿಗೆ ಅದು ಹೊಳೆಯುತ್ತಿದ್ದ ಪರಿಯೇನು! ಕನ್ನಡಿ! ನನ್ನ ಮೀಸೆ ಕೂಡ ಅದರಲ್ಲಿ ಕಾಣುತ್ತಿತ್ತು. ಎದೆ ಮತ್ತೆ ಮೆಲ್ಲಗೆ ಉಬ್ಬತೊಡಗಿತು.

ಲಕ್ಷ್ಮೀನರಸಿಂಹಯ್ಯನವರು ಹೆಗಲ ಮೇಲಿನ ಟವೆಲ್ಲು ತೆಗೆದು ವಿನಯದಿಂದ ಹತ್ತಿರ ಬಂದರು. "ಸ್ವಾಮಿ, ಮುಂದಿನ್ ವಾರ ಹುಲಿಯೂರುದುರ್ಗದಲ್ಲಿ ಒಂದ್ ಮದ್ವೆ ಅದೆ. ನಿಮ್ಮಿಂದ ಒಂದ್ ಉಪ್ಕಾರ ಆಗ್ಬೇಕಲ್ಲಾ..."

ನಾನು ಮೀಸೆ ತೀಡಿ, ಶಶಿಗೂ ಕೇಳಿಸುವಂತೆ ಗಟ್ಟಿಯಾಗಿ ಹೇಳಿದೆ: "ಸಂಕೋಚ ಬೇಡ. ಎಷ್ಟ್ ಸೋಪ್ ಬೇಕು?"

"ಸೋಪು ಬ್ಯಾಡಿ ನನ್ನಪ್ಪಾ!" ಎಂದು ಅವರು ಎರಡು ಹೆಜ್ಜೆ ಹಿಂದೆ ಸರಿದು ಕೈಮುಗಿದರು. "ಬಾಳೆಹಣ್ ಸುಲಿಯಕ್ಕೆ ಒಬ್ರು ಕಮ್ಮಿ ಅವ್ರೆ. ನಿಮ್ ಕೈ ಬಲೇ ಚುರುಕು. ನೀವ್ ಬಂದ್ಬುಡಿ!"