ಕಣ ಒಣಗುತ್ತಿದೆ

ಮನುಷ್ಯರು ಏನನ್ನೂ ಮಾಡದೆ ಸುಮ್ಮನಿದ್ದರೆ ಸಾಕು, ತಾನೇ ಯಶಸ್ವಿಯಾಗುವ ಪ್ರಯೋಗವೊಂದು ವಿಜ್ಞಾನದಲ್ಲಿದೆ ಎಂದು ತಿಳಿದ ದಿನ ನನಗಾದ ಆನಂದ ಅಷ್ಟಿಷ್ಟಲ್ಲ. ಬಣಕಲ್ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಹದಿನಾಲ್ಕು ವರ್ಷದಿಂದ ವಿಜ್ಞಾನ ಹೇಳಿಕೊಡುತ್ತಿದ್ದೇನೆ. ಸೋಪಿನ ಗುಳ್ಳೆಯಿಂದ ಹಿಡಿದು ವಿದ್ಯುತ್ ಗಂಟೆಯವರೆಗೆ ನಾನು ಕೈ ಹಾಕಿದ ಪ್ರಯೋಗಗಳೆಲ್ಲ ಕೈ ಕೊಟ್ಟಿವೆ. ಕೈಯನ್ನೇ ಹಾಕಬಾರದ ಪ್ರಯೋಗ ಎಂದರೆ ಅದು ನನಗಾಗಿಯೇ ಹುಟ್ಟಿದ್ದು ಎನ್ನಿಸಿತು.

ವಿಷಯ ಇಷ್ಟೆ. ವಿಶ್ವವಿದ್ಯಾಲಯದ ಲ್ಯಾಬಿನಲ್ಲಿ ಕೆಲಸ ಮಾಡುವ ನನ್ನ ಕಾಲೇಜು ಗೆಳತಿ ವೀಣಾ ಒಂದು ಪುಟ್ಟ ಬಾಟಲಿ ಕಳಿಸಿಕೊಟ್ಟಳು. ನೋಡಲು ನೀರು ಬೆರೆಸಿದ ಹಾಲಿನ ಹಾಗಿತ್ತು. ಅದರೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ, ಎಲ್ಲವೂ ಒಂದೇ ಅಳತೆಯ, ಗುಂಡಗಿನ ನ್ಯಾನೋ ಕಣಗಳು ತೇಲುತ್ತಿರುತ್ತವಂತೆ. ಗಾಜಿನ ತಟ್ಟೆಗೆ ಸುರಿದು ಅಲುಗಾಡಿಸದೆ ಬಿಟ್ಟರೆ, ನೀರು ನಿಧಾನವಾಗಿ ಆರಿದ ಹಾಗೆ ಈ ಕಣಗಳು ಒಂದಕ್ಕೊಂದು ಒತ್ತಿಕೊಂಡು, ಯಾರೂ ಹೇಳದೆ ಕೇಳದೆ, ಸಾಲು ಸಾಲಾಗಿ, ಪದರ ಪದರವಾಗಿ ಕೂರುತ್ತವೆ. ಆ ಸಾಲುಗಳ ಮೇಲೆ ಬೆಳಕು ಬಿದ್ದರೆ ನವಿಲಿನ ಕತ್ತಿನ ಬಣ್ಣ. ಬಣ್ಣ ಹಾಕದೆ ಬರುವ ಬಣ್ಣ! ಇದನ್ನೇ ಹಿಡಿದು ಎಂದೂ ಮಾಸದ ಬಣ್ಣ, ನೀರು ಕೆಟ್ಟಿದ್ದರೆ ಬಣ್ಣ ಬದಲಿಸಿ ತಿಳಿಸುವ ಪಟ್ಟಿ, ಏನೇನೋ ಮಾಡಲು ಹೊರಟಿದ್ದಾರಂತೆ. ನಮ್ಮ ಎಂಟನೇ ಕ್ಲಾಸನ್ನು ಪ್ರಾರ್ಥನೆಗೆ ಸಾಲಾಗಿ ನಿಲ್ಲಿಸಲು ಮೂರು ಜನ ಮೇಷ್ಟ್ರು ಬೇಕು. ನನಗೆ ಆ ಕಣಗಳ ಮೇಲೆ ಗೌರವವೇ ಬಂತು.

ಅದೇ ಸಮಯಕ್ಕೆ ನಮ್ಮ ಹೆಡ್‌ಮಾಸ್ಟರು ಲ್ಯಾಬಿನ ಕೋಣೆಯ ಮೇಲೆ ಕಣ್ಣು ಹಾಕಿದ್ದರು. ಬಿಸಿಯೂಟದ ಅಕ್ಕಿ ಮೂಟೆ ಇಡಲು ಜಾಗವಿಲ್ಲ, ಲ್ಯಾಬಿನಲ್ಲಿ ಏನೂ ನಡೆಯುವುದಿಲ್ಲ ಎಂಬುದು ಅವರ ವಾದ. ವಾದ ಸರಿಯಾಗಿಯೇ ಇತ್ತು. ಅದಕ್ಕೇ ನನಗೆ ಸಿಟ್ಟು ಬಂತು.

“ಸರ್, ಬರೋ ಶನಿವಾರ ಮಕ್ಕಳ ಎದ್ರಿಗೇ ಬಿಳೀ ನೀರಿಂದ ಕಾಮನಬಿಲ್ಲಿನ ಬಣ್ಣ ತೋರಿಸ್ತೀನಿ,” ಎಂದೆ.

“ಆಯ್ತು ಮೇಡಂ. ತೋರಿಸಿದ್ರೆ ಕೋಣೆ ನಿಮ್ಗೆ. ಇಲ್ದಿದ್ರೆ ಅಕ್ಕಿಗೆ,” ಎಂದರು.

ಭಾನುವಾರ ಬೆಳಗ್ಗೆ ಬಾಟಲಿಯ ಮೂರನೇ ಒಂದು ಭಾಗವನ್ನು ಗಾಜಿನ ತಟ್ಟೆಗೆ ಸುರಿದು ಮನೆಯ ಕಿಟಕಿಯ ಹತ್ತಿರ ಇಟ್ಟೆ. “ಕಣ ಒಣಗುತ್ತಿದೆ. ಗಮನವಿರಲಿ” ಎಂದು ಚೀಟಿ ಅಂಟಿಸಿ, ಮೂಡಿಗೆರೆಗೆ ನೆಂಟರ ಗೃಹಪ್ರವೇಶಕ್ಕೆ ಹೊರಟೆ. ಚೀಟಿ ಬರೆಯುವಾಗ ನಾನು ಯಾರ ಮನೆಯ ಸೊಸೆ ಎಂಬುದೇ ಮರೆತುಹೋಗಿತ್ತು. ನಮ್ಮ ಕಡೆ ಕಾಫಿ ಒಣಗಿಸುವ ಅಂಗಳವೂ ಕಣವೇ. ನನ್ನ ಮಾವ ಎಸ್ಟೇಟಿನಲ್ಲಿ ಮೇಸ್ತ್ರಿಯಾಗಿ ಆಯುಷ್ಯವೆಲ್ಲ ಆ ಕಣವನ್ನೇ ಕಾದವರು. ನನ್ನ ಗಂಡ ಸುರೇಶ ಈಗ ಅದೇ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರು. ಒಣಗಲು ಹಾಕಿದ್ದನ್ನು ಕೈಯಾಡಿಸದೆ ದಾಟಿ ಹೋಗುವುದೆಂದರೆ ಈ ಮನೆಯಲ್ಲಿ ಉಂಡ ಮನೆಗೆ ಎರಡು ಬಗೆದಂತೆ. ಹಪ್ಪಳಕ್ಕೂ ಬಿಡುವಿಲ್ಲ.

ಸಂಜೆ ಬಂದು ನೋಡಿದರೆ ಮಾವ ಚಮಚ ಹಿಡಿದು ಕಿಟಕಿಯ ಬಳಿ ಕುರ್ಚಿ ಹಾಕಿಕೊಂಡಿದ್ದರು.

“ಅರ್ಧ ಗಂಟೆಗೊಂದ್ಸಲ ಕೈಯಾಡ್ಸಿದೀನಿ ಮಗ. ಯೋಚ್ನೆ ಮಾಡ್ಬೇಡ.”

“ಮಾವ, ಅದನ್ನ ಮುಟ್ಲೇಬಾರ್ದಿತ್ತು.”

“ಕೈಯಾಡ್ಸದೆ ಒಂದೇ ಸಮ ಒಣಗ್ತದೇನು? ಬೂಷ್ಟು ಹಿಡೀತಿತ್ತು. ಅಲ್ಲ ಮಾರಾಯ್ತಿ, ಗಮನ ಇರ್ಲಿ ಅಂತ ನೀನೇ ಬರ್ದಿದೀಯಲ್ಲ.”

ತಟ್ಟೆಯಲ್ಲಿ ಸುಣ್ಣದ ಪುಡಿಯಂಥದ್ದೇನೋ ಉಳಿದಿತ್ತು. ಪಾಪ, ಕಣಗಳು ಸಾಲಾಗಿ ಕೂರಲು ಹೊರಟಾಗಲೆಲ್ಲ ಮಾವ ಎಬ್ಬಿಸಿ ಕಳಿಸಿದ್ದರು. ನಾನು ಸಮಾಧಾನದಿಂದ ಎಲ್ಲವನ್ನೂ ವಿವರಿಸಿದೆ. ಅವರು ಗಂಭೀರವಾಗಿ ಕೇಳಿಸಿಕೊಂಡರು.

“ಎಲ್ಲ ಒಂದೇ ಗ್ರೇಡಾ?”

“ಹೌದು ಮಾವ. ಒಂದೇ ಸೈಜು. ಅದಕ್ಕೇ ಅಚ್ಚುಕಟ್ಟಾಗಿ ಕೂರ್ತವೆ.”

“ಹಂಗಾದ್ರೆ ವಿಂಗಡ್ಸಿದೋರು ಭಾಳ ಒಳ್ಳೆ ಕೆಲ್ಸದೋರು,” ಎಂದು ವೀಣಾಳನ್ನು ಮೆಚ್ಚಿಕೊಂಡರು.

ಸೋಮವಾರ ಎರಡನೇ ಪ್ರಯತ್ನ. ಈ ಸಲ ಚೀಟಿಯಲ್ಲಿ “ಯಾರೂ ಮುಟ್ಟಬಾರದು. ಮಾವ, ನೀವೂ” ಎಂದು ದಪ್ಪಕ್ಷರದಲ್ಲಿ ಬರೆದೆ. ಮಾವ ಕೈ ಹಿಂದೆ ಕಟ್ಟಿಕೊಂಡೇ ಓಡಾಡಿದರು. ಆದರೆ ಮಂಗಳವಾರ ಮಧ್ಯಾಹ್ನ ದೇವರಮನೆ ಗುಡ್ಡದ ಕಡೆಯಿಂದ ಅಕಾಲದ ಮೋಡ ಎದ್ದಿತು. ಶಾಲೆಯಿಂದ ಬಂದು ನೋಡುತ್ತೇನೆ, ತಟ್ಟೆಯ ಮೇಲೆ ಪ್ಲಾಸ್ಟಿಕ್ ಹಾಳೆ, ನಾಲ್ಕು ಮೂಲೆಗೆ ನಾಲ್ಕು ಅಡಿಕೆ. ಒಳಗೆ ಗಟ್ಟಿಯಾಗತೊಡಗಿದ್ದ ಕಣಗಳೆಲ್ಲ ನಡುವೆ ಒಂದು ಗುಡ್ಡೆ!

“ಮೋಡ ಕಟ್ತಲ್ಲ, ರಾಶಿ ಮಾಡಿ ಹೊದಿಸ್ದೆ,” ಎಂದ ಸುರೇಶ, ಹೊಗಳಿಕೆಗೆ ಕಾಯುವ ಮುಖ ಮಾಡಿಕೊಂಡು.

“ರೀ, ಮನೆ ಒಳಗೆ ಮಳೆ ಬರ್ತದೇನ್ರೀ?”

ಅವನು ಒಮ್ಮೆ ಹೆಂಚಿನ ಕಡೆ ನೋಡಿದ. “ನಮ್ಮನೇಲಿ ಹೇಳಕ್ಕಾಗಲ್ಲ.”

“ಮುಟ್ಬಾರ್ದು ಅಂತ ಬರ್ದಿದ್ನಲ್ಲ.”

“ಮುಟ್ಲಿಲ್ಲ ಮಾರಾಯ್ತಿ. ಮದ್ವೆ ಕಾರ್ಡಲ್ಲಿ ಗೋರಿದೆ.”

ಬಾಟಲಿಯಲ್ಲಿ ಉಳಿದಿದ್ದು ಕೊನೆಯ ಪಾಲು. ಈ ಮನೆಯವರ ಅಜ್ಞಾನದಿಂದ ವಿಜ್ಞಾನವನ್ನು ಕಾಪಾಡುವುದು ನನ್ನ ಕರ್ತವ್ಯವೆಂದು ತೀರ್ಮಾನಿಸಿ, ಬುಧವಾರ ತಟ್ಟೆಯನ್ನು ಶಾಲೆಯ ಲ್ಯಾಬಿನಲ್ಲೇ ಇಟ್ಟೆ. ಬೀಗ ಹಾಕಿ ಬೀಗದ ಕೈಯನ್ನು ಸೆರಗಿನ ತುದಿಗೆ ಕಟ್ಟಿಕೊಂಡೆ. ಎರಡು ದಿನ ಆ ಕಡೆ ತಲೆ ಹಾಕಲಿಲ್ಲ.

ಶುಕ್ರವಾರ ಶಾಲೆ ಬಿಟ್ಟ ಮೇಲೆ ಬಾಗಿಲು ತೆಗೆದೆ. ತಟ್ಟೆಯ ಅಂಚಿನಲ್ಲಿ ಹಸಿರು ಮಿನುಗುತ್ತಿತ್ತು. ತಲೆ ಓರೆ ಮಾಡಿದರೆ ನೀಲಿ. ಹದಿನಾಲ್ಕು ವರ್ಷದಲ್ಲಿ ಮೊದಲ ಸಲ, ಪುಸ್ತಕದಲ್ಲಿದ್ದದ್ದು ನನ್ನ ಕಣ್ಣೆದುರು ನಡೆದಿತ್ತು. ಸುಳ್ಳೇಕೆ, ಕಣ್ಣು ತುಂಬಿ ಬಂತು. ಎಷ್ಟು ಹೊತ್ತು ನೋಡಿದೆನೋ ಗೊತ್ತಿಲ್ಲ. ಅಂಚು ಒಣಗಿದೆ, ನಡು ಇನ್ನೂ ಹಸಿ ಇದೆಯಲ್ಲ ಅಂದುಕೊಂಡೆ. ಅಂದುಕೊಂಡಿದ್ದಷ್ಟೇ ನೆನಪು.

ಎಚ್ಚರವಾದಾಗ ಗಾಜಿನ ಕಡ್ಡಿ ನನ್ನ ಕೈಯಲ್ಲಿತ್ತು. ತಟ್ಟೆಯ ನಡುವೆ ಮೂರು ಸುತ್ತು ಕೈಯಾಡಿಸಿ ಮುಗಿದಿತ್ತು. ಮಾವ ಇರಲಿಲ್ಲ, ಗಂಡ ಇರಲಿಲ್ಲ. ಬೈಯಲು ಕೋಣೆಯಲ್ಲಿ ಸಿಕ್ಕವಳು ನಾನೊಬ್ಬಳೇ.

ಶನಿವಾರ ಪ್ರಾರ್ಥನೆಯಾದ ಮೇಲೆ ತಟ್ಟೆಯನ್ನು ಬಿಸಿಲಿಗೆ ತಂದೆ. ನಡುವಿನ ಬಿಳಿಯನ್ನು ನೋಡುತ್ತಲೇ ಹೆಡ್‌ಮಾಸ್ಟರು ಅಕ್ಕಿ ಮೂಟೆಗಳನ್ನು ಮನಸ್ಸಿನಲ್ಲೇ ಒಳಗೆ ಸಾಗಿಸತೊಡಗಿದ್ದು ಅವರ ಮುಖದಲ್ಲಿ ಕಾಣುತ್ತಿತ್ತು.

“ಅಂಚು ನೋಡಿ ಸರ್,” ಎಂದೆ ಸಣ್ಣ ದನಿಯಲ್ಲಿ.

ಕನ್ನಡಕ ಹಾಕಿಕೊಂಡು ಬಗ್ಗಿದರು. ತಟ್ಟೆ ಓರೆ ಮಾಡಿದರು. ಉಗುರಿನಗಲ ಹಸಿರು ಮಿಂಚಿ ನೀಲಿಗೆ ತಿರುಗಿತು. “ಬಣ್ಣ ಏನೂ ಹಾಕಿಲ್ವಾ ಮೇಡಂ?” ಎಂದು ಮೂರು ಸಲ ಕೇಳಿದರು. ಮಕ್ಕಳು ಮುಗಿಬಿದ್ದರು. ಒಬ್ಬ ಹುಡುಗಿ ಕೇಳಿದಳು, “ಮಿಸ್, ನಡೂಗೆ ಯಾಕೆ ಬಣ್ಣ ಇಲ್ಲ?”

“ಅಲ್ಲಿ ನಾನು ಕೈಯಾಡಿಸ್ದೆ ಪುಟ್ಟಿ. ನಾನು ಮುಟ್ಟದ ಕಡೆ ಅವೇ ಸಾಲಾಗಿ ಕೂತ್ಕೊಂಡ್ವು.”

ನನ್ನ ಇಡೀ ವೃತ್ತಿಜೀವನದಲ್ಲಿ ಇಷ್ಟು ಸ್ಪಷ್ಟವಾಗಿ ಯಾವ ಪಾಠವನ್ನೂ ಹೇಳಿರಲಿಲ್ಲ. ಹೆಡ್‌ಮಾಸ್ಟರಿಗೂ ಅರ್ಥವಾಗಿಬಿಟ್ಟಿತು.

“ಚೆನ್ನಾಗಿದೆ ಮೇಡಂ. ಕೋಣೆ ಲ್ಯಾಬೇ ಆಗಿರ್ಲಿ. ಅಕ್ಕಿಗೆ ಬೇರೆ ಕಡೆ ನೋಡೋಣ.” ನನಗೆ ಅಲ್ಲೇ ಕುಣಿಯಬೇಕೆನ್ನಿಸಿತು. ಅಷ್ಟರಲ್ಲಿ ಅವರು ಕೈ ಚಾಚಿದರು. “ಬೀಗದ ಕೈ ಮಾತ್ರ ನನ್ಹತ್ರ ಇರ್ಲಿ. ಪ್ರಯೋಗ ನಡೀವಾಗ ನೀವು ಒಳಗೆ ಹೋಗೋದು ಬೇಡ.”

ಹೀಗೆ ನಮ್ಮ ಶಾಲೆಯ ಲ್ಯಾಬು ಉಳಿಯಿತು. ವೀಣಾ ಇನ್ನೊಂದು ಬಾಟಲಿ ಕಳಿಸಿದ್ದಾಳೆ. ಒಳಗೆ ವಿಜ್ಞಾನ ಬಹಳ ಚೆನ್ನಾಗಿ ನಡೆಯುತ್ತಿದೆ. ವಿಜ್ಞಾನದ ಟೀಚರು ಹೊರಗೆ ನಿಂತು ಕಿಟಕಿಯಲ್ಲಿ ನೋಡುತ್ತಿರುತ್ತಾಳೆ.