ತಪ್ಪು ಉತ್ತರಕ್ಕೆ ಬರುವ ಹೆಡ್‌ಮಾಸ್ತರು

ಕೆಲವರಿಗೆ ಪಾಠ ನೆನಪಿರುತ್ತದೆ, ನನ್ನಂಥವರಿಗೆ ಪಾಠ ಮಾಡಿದವರ ಕೆಮ್ಮು ನೆನಪಿರುತ್ತದೆ. ಬಿ.ಎಡ್.ನಲ್ಲಿ ಕಲಿಕೆಯ ಸಿದ್ಧಾಂತ ಹೇಳಿಕೊಟ್ಟ ಮೇಷ್ಟ್ರು ‘ಪ್ರಚೋದನೆ’ ಎನ್ನುವ ಮೊದಲು ಮೂಗೆಳೆಯುತ್ತಿದ್ದದ್ದನ್ನೂ ‘ಪ್ರತಿಕ್ರಿಯೆ’ ಎಂದಮೇಲೆ ಪ್ಯಾಂಟು ಮೇಲೆಳೆದುಕೊಳ್ಳುತ್ತಿದ್ದದ್ದನ್ನೂ ಈಗಲೂ ಮಾಡಿ ತೋರಿಸಬಲ್ಲೆ. ನಡುವೆ ಅವರೇನು ಹೇಳಿದರೆಂದು ಮಾತ್ರ ಕೇಳಬೇಡಿ. ಇಂಥ ನನಗೆ ನೆರೆರಾಜ್ಯದ ಗಚ್ಚಿಬೌಲಿಯ ಐಟಿ ಕಂಪನಿಯೊಂದು ಅದೇ ಸಿದ್ಧಾಂತಗಳನ್ನು ಕಲಿಸುವ ಕೆಲಸ ಕೊಟ್ಟಿತೆಂದರೆ, ಆಗ ಐಟಿ ಯಾವ ಪರಿ ಉಕ್ಕುತ್ತಿತ್ತು ನೀವೇ ಊಹಿಸಿ. ಮೆಹದಿಪಟ್ಟಣಂ ಬಸ್‌ಸ್ಟ್ಯಾಂಡಿನಲ್ಲಿ ಇಸ್ತ್ರಿ ಅಂಗಿ ತೊಟ್ಟು ನಿಂತವರನ್ನೆಲ್ಲ ಎಳೆದೊಯ್ದು ಕುತ್ತಿಗೆಗೆ ಐಡಿ ಕಾರ್ಡು ಹಾಕುತ್ತಿದ್ದ ಕಾಲ.

ಕರ್ನಾಟಕದ ಹೊಸ ಶಿಕ್ಷಕರು ಕಂಪ್ಯೂಟರಿನಲ್ಲಿ ನೋಡಿ ಕಲಿಯುವ ಪಾಠ ತಯಾರಿಸಬೇಕಿತ್ತು. ಒಣ ಸಿದ್ಧಾಂತ ಯಾರು ಓದುತ್ತಾರೆ? ಅದಕ್ಕೇ ಕತೆ. ಸಾವಿತ್ರಿ ಟೀಚರ ತರಗತಿಯಲ್ಲಿ ಹುಡುಗನೊಬ್ಬ ಲೆಕ್ಕ ತಪ್ಪುತ್ತಾನೆ. ಕತೆ ಅಲ್ಲೇ ನಿಂತು, ‘ಈಗ ಟೀಚರು ಏನು ಮಾಡಬೇಕು?’ ಎಂದು ನಿಮ್ಮನ್ನೇ ಕೇಳುತ್ತದೆ. ಬೈಯಬೇಕೋ, ಬಂದಷ್ಟಕ್ಕೆ ಬೆನ್ನು ತಟ್ಟಿ ಮುಂದಕ್ಕೆ ಹುರಿದುಂಬಿಸಬೇಕೋ? ನೀವು ಒತ್ತಿದಂತೆ ಕತೆ ಸಾಗುತ್ತದೆ. ಸರಿ ಒತ್ತಿದರೆ ಹೆಣ್ಣುದನಿಯೊಂದು ರೈಲ್ವೆ ಪ್ರಕಟಣೆಯ ಧಾಟಿಯಲ್ಲಿ ‘ಅಭಿನಂದನೆಗಳು’ ಎನ್ನುತ್ತದೆ. ತಪ್ಪು ಒತ್ತಿದರೆ ಹೆಡ್‌ಮಾಸ್ತರು ಬಂದು ಟೀಚರನ್ನು ತರಾಟೆಗೆ ತೆಗೆದುಕೊಳ್ಳುತ್ತಾರೆ. ಮಿಮಿಕ್ರಿ ಮಾಡುವವನು ಆಫೀಸಿನಲ್ಲೇ ಇರುವಾಗ ಹೊರಗಿನವರು ಯಾಕೆಂದು ಎಲ್ಲ ದನಿಯೂ ನನ್ನ ತಲೆಗೇ ಬಂತು. ಹೆಡ್‌ಮಾಸ್ತರಿಗಾಗಿ ಕಲಬುರಗಿಯ ನಮ್ಮ ದೊಡ್ಡಪ್ಪನನ್ನೇ ಎತ್ತಿಕೊಂಡು ಬಂದೆ: ‘ಏನ್ರೀ ಟೀಚರ, ಬೈದ್ರ ಲೆಕ್ಕ ಬರ್ತೈತೇನು? ಹಂಗಿದ್ರ ನಮ್ಮಾಕಿ ಬೈಯೂದಕ್ಕ ನಾ ಇಷ್ಟೊತ್ತಿಗೆ ದೊಡ್ಡ ವಿಜ್ಞಾನಿ ಆಗಿರ್ತಿದ್ದೆ.’ ಪಾಠ ಗೆದ್ದರೆ ನೌಕರಿ ಕಾಯಂ, ಸೋತರೆ ದೊಡ್ಡಪ್ಪನ ಸಿಮೆಂಟ್ ಅಂಗಡಿ. ಅಲ್ಲಿ ಇದೇ ದನಿಯನ್ನು ಅಸಲಿಯಾಗಿ, ದಿನವಿಡೀ ಕೇಳಬೇಕು.

ಪರೀಕ್ಷೆಗೆಂದು ನಗರದ ಕನ್ನಡ ಶಾಲೆಯೊಂದರ ಶಿಕ್ಷಕರನ್ನು ಕರೆಸಿದರು. ಮುಂದಿನ ಸಾಲಿನಲ್ಲಿ ಬೀದರ ಕಡೆಯ ರತ್ನಾಬಾಯಿ ಟೀಚರು. ‘ಬೈಯಬೇಕು’ ಒತ್ತಿದರು. ದೊಡ್ಡಪ್ಪ ಬಂದ. ಕನ್ನಡಕ ಜಾರುವಷ್ಟು ನಕ್ಕು ಮತ್ತೆ ಅದನ್ನೇ ಒತ್ತಿದರು.

‘ಮೇಡಂ, ತಪ್ಪು ಒತ್ತಾಕತ್ತೀರಿ,’ ಎಂದೆ ಮೆಲ್ಲಗೆ.

‘ಗೊತ್ತೈತಿ ತಮ್ಮಾ. ಅಷ್ಟು ದಡ್ಡಿ ಅಲ್ಲ ನಾ. ಸರಿ ಒತ್ತಿದ್ರ ಆ ಮುದುಕ ಬರಂಗಿಲ್ಲಲ್ಲ.’

ಪಕ್ಕದ ಡ್ರಿಲ್ ಮಾಸ್ತರು ತಲೆದೂಗಿದರು. ‘ಖರೇ ಐತ್ರಿ ಬಾಯಿ. ಬೆನ್ನು ತಟ್ಟೂದು ಒತ್ತಬ್ಯಾಡ್ರಿ, ಆ ರೈಲ್ವೆ ಹೆಣ್ಮಗಳು ಬರ್ತಾಳ. ಭಾಳ ಬ್ಯಾಸರ.’

ಆ ಹೆಣ್ಮಗಳೂ ನಾನೇ ಎನ್ನುವ ಧೈರ್ಯವಾಗಲಿಲ್ಲ.

ಸಂಜೆಗೆ ಎಲ್ಲರಿಗೂ ಸೊನ್ನೆ. ನಮ್ಮ ಮುಖ್ಯಸ್ಥೆ ವಸುಂಧರಾ ಮೇಡಂ ಕರೆಸಿದರು. ಆಫೀಸಿನಲ್ಲಿ ನನ್ನ ಅಣಕಕ್ಕೆ ಸಿಗದವರು ಇವರೊಬ್ಬರೇ, ಮಾತಾಡಿದರಲ್ಲವೇ ಸಿಗುವುದು?

‘ಈ ಪಾಠದ ಸಿದ್ಧಾಂತ ಏನು?’

‘ಯಾವ ನಡತೆಗೆ ಬಹುಮಾನ ಸಿಗುತ್ತೋ ಅದನ್ನೇ ಜನ ಮತ್ತೆ ಮತ್ತೆ ಮಾಡ್ತಾರೆ, ಮೇಡಂ.’

‘ನೀವು ಬಹುಮಾನ ಯಾವುದಕ್ಕೆ ಕೊಟ್ಟಿದ್ದೀರಿ?’

‘ತಪ್ಪು ಉತ್ತರಕ್ಕೆ, ಮೇಡಂ.’

‘ಹೆಡ್‌ಮಾಸ್ತರನ್ನ ಸರಿ ಉತ್ತರಕ್ಕೆ ಕಳಿಸಿ, ಹೊಗಳಲಿ. ತಪ್ಪಿಗೆ, ಯಾರಿಗೂ ಎರಡನೇ ಸಲ ಕೇಳೋಣ ಅನ್ನಿಸದ ದನಿ ಹಾಕಿ.’

‘ಅಂಥ ದನಿ ಯಾರದು ಮೇಡಂ? ಯಾರ ಥರ ಮಾಡಲಿ?’

‘ಯಾರ ಥರಾನೂ ಬೇಡ. ನಿಮ್ಮ ದನೀಲೇ ಓದಿ.’

ಮುಂದಿನ ವಾರ ರತ್ನಾಬಾಯಿ ಟೀಚರು ಹಳೇ ಆಸೆಯಿಂದ ‘ಬೈಯಬೇಕು’ ಒತ್ತಿದರು. ‘ಕ್ಷಮಿಸಿ, ಈ ಉತ್ತರ ತಪ್ಪು’ ಎಂದಿತು ನನ್ನ ಅಪ್ಪಟ ದನಿ. ‘ಅಯ್ಯ, ಇದ್ಯಾವ ಪೀಡಾ ಬಂತು,’ ಎಂದು ಹೆಡ್‌ಫೋನು ಕಿತ್ತಿಟ್ಟರು. ಮತ್ತೆ ಹಾಕಿಕೊಂಡವರು ಕೊನೆಯವರೆಗೂ ಒಂದೂ ತಪ್ಪು ಮಾಡಲಿಲ್ಲ. ಡ್ರಿಲ್ ಮಾಸ್ತರಂತೂ ಪ್ರತಿ ಪ್ರಶ್ನೆಯನ್ನೂ ಪಕ್ಕದವರನ್ನು ಕೇಳಿ ಖಾತ್ರಿ ಮಾಡಿಕೊಂಡೇ ಒತ್ತಿದರು.

ನೌಕರಿ ಕಾಯಂ ಆಯಿತು. ಕರ್ನಾಟಕದ ಯಾವುದೋ ಶಾಲೆಯಲ್ಲಿ ಇಂದು ಮಗುವೊಂದು ಬೈಗುಳವಿಲ್ಲದೆ ಲೆಕ್ಕ ಕಲಿಯುತ್ತಿದ್ದರೆ, ಅದರ ಟೀಚರು ನನ್ನ ದನಿಯನ್ನು ಒಮ್ಮೆ ಕೇಳಿದ್ದಾರೆಂದೇ ಅರ್ಥ. ಮೇಡಂ ಕೈಕುಲುಕಿದರು. ಥ್ಯಾಂಕ್ಸ್ ಹೇಳಲು ಬಾಯಿ ತೆರೆದವನು, ಕೈಗೆ ಬಂದ ನೌಕರಿಯನ್ನು ಇಷ್ಟು ಬೇಗ ಅಪಾಯಕ್ಕೆ ಒಡ್ಡುವುದು ಬೇಡವೆಂದು ಸುಮ್ಮನೆ ಕೈಮುಗಿದು ಹೊರಬಂದೆ.